ಮಗ್ರಿಬ್ ಬಳಿಕ ಹದಿನೈದು ನಿಮಿಷ

ಕ್ಯಾಲೆಂಡರ್ ನೋಡದೆ ಒಂದು ಪ್ರಶ್ನೆಗೆ ಉತ್ತರ ಹೇಳಿ. ಇಂದು ರಾತ್ರಿ ಒಂಬತ್ತು ಗಂಟೆಗೆ ಚಂದ್ರ ಎಲ್ಲಿರುತ್ತಾನೆ? ಪೂರ್ವದಲ್ಲೋ, ಪಶ್ಚಿಮದಲ್ಲೋ, ನೆತ್ತಿಯ ಮೇಲೋ? ಅಥವಾ ಆ ಹೊತ್ತಿಗೆ ಇನ್ನೂ ಉದಯಿಸಿಯೇ ಇರುವುದಿಲ್ಲವೋ?

ನಮ್ಮ ಅಜ್ಜ ಅಜ್ಜಿಯರಲ್ಲಿ ಕೇಳಿದ್ದರೆ ಅವರು ಅಂಗಳಕ್ಕೆ ಇಳಿಯದೆಯೇ ಉತ್ತರಿಸುತ್ತಿದ್ದರು. ರಾತ್ರಿ ಕಡಲಿಗಿಳಿಯುವವರಿಗೆ, ತೋಟಕ್ಕೆ ನೀರು ಬಿಡುವವರಿಗೆ, ಸುಬ್‌ಹ್‌ಗೆ ಮುಂಚೆಯೇ ಎದ್ದು ಒಲೆ ಹಚ್ಚುವವರಿಗೆ ಆಕಾಶವೇ ಗಡಿಯಾರವಾಗಿತ್ತು. ಇಂದು ನಮ್ಮ ಮಕ್ಕಳು ಎಂಟು ಗ್ರಹಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಗುರು ಗ್ರಹವನ್ನು ತೋರಿಸು ಎಂದರೆ ಪುಸ್ತಕ ತೆರೆದು ಚಿತ್ರ ತೋರಿಸುತ್ತಾರೆ. ಅವರ ತಪ್ಪೇನೂ ಇಲ್ಲ. ರಾತ್ರಿಯ ಪಾಠವನ್ನು ನಾವು ಹಗಲಿನಲ್ಲಿ, ಕೋಣೆಯೊಳಗೆ, ಕರಿಹಲಗೆಯ ಮೇಲೆ ಕಲಿಸುತ್ತಿದ್ದೇವೆ.

ಇದರಿಂದ ನಷ್ಟವೇನು ಎಂದು ಕೇಳಬಹುದು. ಶಅಬಾನ್ 29ರ ಸಂಜೆಯನ್ನು ನೆನಪಿಸಿಕೊಳ್ಳಿ. ಕರಾವಳಿಯ ಉದ್ದಕ್ಕೂ ಜನರು ದಂಡೆಗೆ ಹೋಗಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಮೋಡದ ಅಂಚು ಹೊಳೆದರೆ ಒಬ್ಬ ಬೆರಳು ತೋರಿಸುತ್ತಾನೆ, ವಿಮಾನ ಬಿಟ್ಟುಹೋದ ಬಿಳಿ ಗೆರೆ ಕಂಡರೆ ಇನ್ನೊಬ್ಬ ಕೂಗುತ್ತಾನೆ. ಚಂದ್ರದರ್ಶನವಾಯಿತೇ ಇಲ್ಲವೇ ಎಂದು ತೀರ್ಮಾನಿಸುವುದು ಖಾಝಿಗಳ ಹೊಣೆ. ಆದರೆ ಅವರ ಮುಂದೆ ಬಂದು 'ನಾನು ಕಂಡೆ' ಎನ್ನುವ ಹೊಣೆ ನಮ್ಮದು. ಸಾವಿರಾರು ಮನೆಗಳ ಉಪವಾಸವೋ ಈದೋ ಆ ಮಾತಿನ ಮೇಲೆ ನಿಂತಿರುತ್ತದೆ. ಎಲ್ಲಿ ನೋಡಬೇಕು, ಏನು ಕಾಣಬೇಕು ಎಂಬ ಅರಿವೇ ಇಲ್ಲದವನ ಸಾಕ್ಷ್ಯಕ್ಕೆ ಎಷ್ಟು ಬೆಲೆ? ಖಗೋಳ ವಿಜ್ಞಾನದ ಮೊದಲ ಪಾಠಗಳನ್ನು ಪ್ರತಿ ಮನೆಯಲ್ಲೂ ಕಲಿಯಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

'ಅದಕ್ಕೆ ದುಬಾರಿ ದೂರದರ್ಶಕ ಬೇಕು, ಗಣಿತ ಬೇಕು, ಇಂಗ್ಲಿಷ್ ಬೇಕು' ಎಂಬ ಮಾತು ಕೂಡಲೇ ಬರುತ್ತದೆ. ಆರಂಭಕ್ಕೆ ಇದಾವುದೂ ಬೇಡ. ಎರಡು ಕಣ್ಣು, ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್ ಮತ್ತು ಮಗ್ರಿಬ್ ನಮಾಝಿನ ಬಳಿಕ ಹದಿನೈದು ನಿಮಿಷ ಸಾಕು. ಅಳತೆಗೆ ನಿಮ್ಮ ಕೈಯೇ ಇದೆ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಮಕ್ಕಳ ಕೈ ಚಿಕ್ಕದು, ಆದರೆ ಅವರ ತೋಳೂ ಗಿಡ್ಡ. ಆದ್ದರಿಂದ ಲೆಕ್ಕ ಅವರಿಗೂ ಹೆಚ್ಚುಕಡಿಮೆ ಅದೇ.

ಮೊದಲ ಪಾಠ: ಚಂದ್ರ

ಮಳೆಗಾಲ ಮುಗಿದು ಆಕಾಶ ತಿಳಿಯಾದ ಮೇಲೆ, ಹೊಸ ಚಂದ್ರ ಕಂಡ ಸಂಜೆಯೇ ಆರಂಭಿಸಿ. ದಿನಾಂಕ, ಗಂಟೆ, ಚಂದ್ರನ ಆಕಾರ, ದಿಗಂತದಿಂದ ಎಷ್ಟು ಮುಷ್ಟಿ ಮೇಲೆ ಎಂಬ ನಾಲ್ಕು ವಿಷಯ ಬರೆಯಿರಿ. ಮರುದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಿಂತು ನೋಡಿ. ಚಂದ್ರ ಒಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು ಪೂರ್ವಕ್ಕೆ ಸರಿದಿರುತ್ತಾನೆ. ದಿನಕ್ಕೆ ಸುಮಾರು 13 ಡಿಗ್ರಿಯ ಈ ಸರಿತದಿಂದಾಗಿ ಅವನು ದಿನದಿನವೂ ಸರಾಸರಿ 50 ನಿಮಿಷ ತಡವಾಗಿ ಮುಳುಗುತ್ತಾನೆ. ವಾರದ ಬಳಿಕ ಅರ್ಧ ಚಂದ್ರ ಸೂರ್ಯಾಸ್ತದ ಹೊತ್ತಿಗೆ ನೆತ್ತಿಯ ಕಡೆ ಇರುತ್ತಾನೆ. ಎರಡು ವಾರಕ್ಕೆ ಇತ್ತ ಸೂರ್ಯ ಮುಳುಗುವಾಗ ಅತ್ತ ಪೂರ್ಣ ಚಂದ್ರ ಏಳುತ್ತಾನೆ.

ಭೂಮಿಯ ಸುತ್ತ ಒಂದು ಸುತ್ತು ಬರಲು ಚಂದ್ರನಿಗೆ ಸುಮಾರು 27.3 ದಿನ ಸಾಕು. ಆದರೆ ಅಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಮುಂದೆ ಹೋಗಿರುವುದರಿಂದ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.5 ದಿನ ಬೇಕಾಗುತ್ತದೆ. ಹಿಜರಿ ತಿಂಗಳು ಒಮ್ಮೆ 29, ಒಮ್ಮೆ 30 ಆಗುವುದು ಹೀಗೆ. ಹನ್ನೆರಡು ತಿಂಗಳು ಕೂಡಿದರೆ 354 ದಿನ. ರಮಝಾನ್ ವರ್ಷಕ್ಕೆ ಸುಮಾರು 11 ದಿನ ಮುಂಚೆ ಬರುವ ಗುಟ್ಟು ಇಷ್ಟೇ.

ಇನ್ನು ಹೊಸ ಚಂದ್ರನ ಸಂಗತಿ. ಅಮಾವಾಸ್ಯೆಯ ಕ್ಷಣ ಇಡೀ ಜಗತ್ತಿಗೆ ಒಂದೇ. ಆದರೆ ಆ ಕ್ಷಣದಲ್ಲಿ ಚಂದ್ರನನ್ನು ಯಾರೂ ಕಾಣಲಾರರು. ಅವನು ಸೂರ್ಯನಿಂದ ಕನಿಷ್ಠ 7 ಡಿಗ್ರಿಯಷ್ಟಾದರೂ ದೂರ ಸರಿಯುವವರೆಗೆ ಕಣ್ಣಿಗೆ ಬೀಳುವ ಗೆರೆಯೇ ಮೂಡುವುದಿಲ್ಲ. ಸುಲಭವಾಗಿ ಕಾಣಬೇಕಾದರೆ ಇನ್ನೂ ಹೆಚ್ಚು ದೂರ ಬೇಕು. ಚಂದ್ರ ಗಂಟೆಗೆ ಸರಿಯುವುದು ಅರ್ಧ ಡಿಗ್ರಿಯಷ್ಟು ಮಾತ್ರ. ಮಕ್ಕಾದಲ್ಲಿ ಸೂರ್ಯಾಸ್ತವಾಗುವುದು ನಮ್ಮ ಸೂರ್ಯಾಸ್ತದ ಸುಮಾರು ಎರಡು ಗಂಟೆ ಬಳಿಕ. ಅಷ್ಟರಲ್ಲಿ ಚಂದ್ರ ಇನ್ನೊಂದು ಡಿಗ್ರಿ ಸರಿದಿರುತ್ತಾನೆ. ಇಲ್ಲಿ ಕಾಣದ ಚಂದ್ರ ಕೆಲವೊಮ್ಮೆ ಅದೇ ಸಂಜೆ ಅರಬ್ ನಾಡಿನಲ್ಲಿ ಕಾಣಲು ಇದೂ ಒಂದು ಕಾರಣ.

ಕಣ್ಣಿಟ್ಟು ನೋಡುವವರು ಎರಡು ಗುರುತುಗಳನ್ನು ಮರೆಯಬಾರದು. ಚಂದ್ರನ ಬೆಳಗಿದ ಬೆನ್ನು ಯಾವಾಗಲೂ ಸೂರ್ಯ ಮುಳುಗಿದ ಕಡೆಗೇ ಇರುತ್ತದೆ, ಕೊಂಬುಗಳು ಅದಕ್ಕೆ ವಿರುದ್ಧವಾಗಿರುತ್ತವೆ. ನಮ್ಮ ನಾಡು ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ಇಲ್ಲಿ ಹೊಸ ಚಂದ್ರ ಹೆಚ್ಚಾಗಿ ದೋಣಿಯಂತೆ ಮಲಗಿರುತ್ತಾನೆ. ಕೊಂಬು ಕೆಳಗೆ ಮಾಡಿದ ಚಂದ್ರನನ್ನು ಕಂಡೆ ಎಂದು ಯಾರಾದರೂ ಹೇಳಿದರೆ ಅವನು ಕಂಡದ್ದು ಬೇರೇನೋ. ಹನ್ನೆರಡು ತಿಂಗಳು ನೋಟ್ ಪುಸ್ತಕ ಬರೆದ ಹುಡುಗನೊಬ್ಬ ದಂಡೆಯ ಗುಂಪಿನಲ್ಲಿದ್ದರೆ ಅವನ ಮಾತಿಗೊಂದು ತೂಕವಿರುತ್ತದೆ.

ಎರಡನೇ ಪಾಠ: ಸೂರ್ಯ ಮತ್ತು ನೆರಳು

ಕಾಪುವಿನ ದೀಪಸ್ತಂಭವನ್ನು ಕಟ್ಟಿದ್ದು 1901ರಲ್ಲಿ. ಹಡಗುಗಳಿಗೆ ದಾರಿ ತೋರಿಸಲು ಕಟ್ಟಿದ ಅದು ನಮಗೊಂದು ಅಳತೆಗೋಲಾಗಬಲ್ಲದು. ದಂಡೆಯ ಒಂದೇ ಜಾಗದಲ್ಲಿ ನಿಂತು, ದೀಪಸ್ತಂಭದಿಂದ ಎಷ್ಟು ಮುಷ್ಟಿ ದೂರದಲ್ಲಿ ಸೂರ್ಯ ಮುಳುಗಿದ ಎಂದು ತಿಂಗಳಿಗೊಮ್ಮೆ ಬರೆದಿಡಿ. ಕಣ್ಣು ಕೋರೈಸುವಾಗ ನೋಡಬೇಡಿ, ಮುಳುಗಿದ ಜಾಗವನ್ನು ಗುರುತಿಸಿದರೆ ಸಾಕು. ಸೂರ್ಯ ಸರಿಯಾಗಿ ಪಶ್ಚಿಮದಲ್ಲಿ ಮುಳುಗುವುದು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಕೊನೆಯ ವಾರಗಳ ಆಸುಪಾಸಿನಲ್ಲಿ ಮಾತ್ರ. ಡಿಸೆಂಬರ್ ಕೊನೆಗೆ ಅವನು ಪಶ್ಚಿಮದಿಂದ ದಕ್ಷಿಣಕ್ಕೆ ಸುಮಾರು 24 ಡಿಗ್ರಿ, ಜೂನ್ ಕೊನೆಗೆ ಉತ್ತರಕ್ಕೆ ಅಷ್ಟೇ ಸರಿದಿರುತ್ತಾನೆ. ಒಟ್ಟು ಸುಮಾರು ಐದು ಮುಷ್ಟಿಗಳ ಈ ಓಡಾಟವೇ ನಮ್ಮ ಬೇಸಿಗೆ, ಚಳಿಗಾಲಗಳ ಗುರುತು.

'ಸೂರ್ಯ ಮುಳುಗುವ ಕಡೆಗೆ ಕಿಬ್ಲಾ' ಎಂಬ ರೂಢಿಮಾತನ್ನು ಇಲ್ಲಿ ಪರೀಕ್ಷಿಸಬಹುದು. ಉಡುಪಿಯಿಂದ ಕಿಬ್ಲಾ ಇರುವುದು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 19 ಡಿಗ್ರಿ, ಅಂದರೆ ಎರಡು ಮುಷ್ಟಿಗೆ ತುಸು ಕಡಿಮೆ. ಡಿಸೆಂಬರ್ ಸೂರ್ಯಾಸ್ತವನ್ನೇ ನಂಬಿ ನಿಂತವನು ನಾಲ್ಕು ಮುಷ್ಟಿಗಿಂತಲೂ ಹೆಚ್ಚು ತಿರುಗಿ ನಿಂತಿರುತ್ತಾನೆ! ಸರಿಯಾದ ದಿಕ್ಕು ತಿಳಿಯಲು ಒಂದು ಕೋಲು ಸಾಕು. ವರ್ಷಕ್ಕೆರಡು ಬಾರಿ, ಮೇ 28 ಮತ್ತು ಜುಲೈ 16ರ ಆಸುಪಾಸಿನಲ್ಲಿ, ಸೂರ್ಯ ಕಅಬಾದ ನೇರ ಮೇಲೆ ಬರುತ್ತಾನೆ. ನಮ್ಮ ಗಡಿಯಾರದಲ್ಲಿ ಆಗ ಕ್ರಮವಾಗಿ ಮಧ್ಯಾಹ್ನ 2.48 ಮತ್ತು 2.57. ಆ ನಿಮಿಷಕ್ಕೆ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳಿನ ತುದಿಯಿಂದ ಕೋಲಿನ ಬುಡದ ಕಡೆಗೆ ಗೆರೆ ಎಳೆಯಿರಿ. ಅದೇ ಕಿಬ್ಲಾ. ಜುಲೈಯಲ್ಲಿ ನಮಗೆ ಮಳೆ. ಆದ್ದರಿಂದ ಮೇ 28ನ್ನು ನೆನಪಿಡಿ.

ಇನ್ನೊಂದು ಪ್ರಯೋಗ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಏಪ್ರಿಲ್ 25ರ ಸುಮಾರಿಗೆ ಮಧ್ಯಾಹ್ನ 12.29ಕ್ಕೆ ಉಡುಪಿಯಲ್ಲಿ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಅಂಗಳದಲ್ಲಿ ನಿಲ್ಲಿಸಿದ ಬಾಟಲಿಯ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಆಗಸ್ಟ್ 18ರ ಸುಮಾರಿಗೆ 12.35ಕ್ಕೆ ಇದು ಮತ್ತೆ ಬರುತ್ತದೆ, ಮೋಡ ಬಿಟ್ಟುಕೊಟ್ಟರೆ. ದೆಹಲಿಯ ಮಕ್ಕಳಿಗೆ ಈ ಭಾಗ್ಯ ವರ್ಷದಲ್ಲಿ ಒಂದು ದಿನವೂ ಇಲ್ಲ. ಅಲ್ಲಿ ಸೂರ್ಯ ಎಂದೂ ನೆತ್ತಿಯ ನೇರಕ್ಕೆ ಬರುವುದಿಲ್ಲ.

ಮೂರನೇ ಪಾಠ: ನಕ್ಷತ್ರಗಳು

ಇದಕ್ಕೆ ಕತ್ತಲು ಬೇಕು. ಮಣಿಪಾಲದ ಗುಡ್ಡದ ಮೇಲೆ ದೀಪಗಳು ಎಷ್ಟಿವೆಯೆಂದರೆ ಅಲ್ಲಿ ಪ್ರಕಾಶಮಾನವಾದ ಕೆಲವು ನಕ್ಷತ್ರಗಳಷ್ಟೇ ಉಳಿಯುತ್ತವೆ. ಕಾರ್ಕಳದ ಪೇಟೆ ದಾಟಿ ಹಳ್ಳಿಯ ಕಡೆ ಹೋದರೆ ಅದೇ ಆಕಾಶ ಬೇರೆಯೇ ಆಗಿ ಕಾಣುತ್ತದೆ. ಪೂರ್ವದಲ್ಲಿ ಘಟ್ಟ ಅಡ್ಡವಿರುವುದರಿಂದ ಅಲ್ಲಿ ನಕ್ಷತ್ರಗಳು ತುಸು ತಡವಾಗಿ ಏಳುತ್ತವೆ ಅಷ್ಟೆ. ಜನವರಿಯ ಒಂದು ರಾತ್ರಿ ಕೃತ್ತಿಕೆಯ ಗೊಂಚಲಿನಲ್ಲಿ ಎಷ್ಟು ನಕ್ಷತ್ರಗಳಿವೆ ಎಂದು ಮಣಿಪಾಲದಲ್ಲಿ ನಿಂತು ಎಣಿಸಿ, ಮರುದಿನ ಕಾರ್ಕಳದ ಹಳ್ಳಿಯಲ್ಲಿ ಎಣಿಸಿ. ಎರಡೂ ಲೆಕ್ಕ ಬರೆದಿಡಿ. ಬೀದಿದೀಪ ಆಕಾಶವನ್ನು ಹೇಗೆ ಕಸಿಯುತ್ತದೆ ಎಂಬುದು ಬೇರೆ ಪಾಠವಿಲ್ಲದೆ ಅರ್ಥವಾಗುತ್ತದೆ.

ಕೃತ್ತಿಕೆಯನ್ನು ಅರಬರು ಸುರಯ್ಯಾ ಎಂದರು. ಅದರ ಹಿಂದೆಯೇ ಕೆಂಪಗೆ ಬರುವುದು ನಮ್ಮ ರೋಹಿಣಿ. ಅದಕ್ಕೆ ಅರಬಿಯಲ್ಲಿ ಅದ್ದಬರಾನ್, ಅಂದರೆ ಹಿಂಬಾಲಿಸುವುದು, ಎಂದು ಹೆಸರು. ಇಂಗ್ಲಿಷ್ ಪುಸ್ತಕಗಳ ಅಲ್ಡೆಬರಾನ್ ಇದೇ. ಅದರ ಕೆಳಗೆ ಸಾಲಾಗಿ ಮೂರು ನಕ್ಷತ್ರಗಳ ನಡುಪಟ್ಟಿ ಕಟ್ಟಿದ ಮಹಾವ್ಯಾಧ ಇದ್ದಾನೆ. ಅವನ ಕಾಲಿನ ನಕ್ಷತ್ರ ರೈಜೆಲ್. ಅದು ಮದ್ರಸದ ಮಕ್ಕಳು ಅರಬಿಯ ಮೊದಲ ಪಾಠಗಳಲ್ಲೇ ಕಲಿಯುವ ರಿಜ್ಲ್, ಕಾಲು. ಭುಜದ ಕೆಂಪು ನಕ್ಷತ್ರ ಬೆಟೆಲ್‌ಜ್ಯೂಸ್, ನಮ್ಮ ಆರ್ದ್ರಾ. ಆ ಹೆಸರು ಯದುಲ್ ಜವ್‌ಝಾ ಎಂಬ ಅರಬಿ ಪದ ಲ್ಯಾಟಿನ್ ಲಿಪಿಕಾರರ ಕೈಯಲ್ಲಿ ಕೆಟ್ಟು ಆದದ್ದು. ನಡುಪಟ್ಟಿಯ ಗೆರೆಯನ್ನು ಆಗ್ನೇಯಕ್ಕೆ ಮುಂದುವರಿಸಿದರೆ ಆಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರ ಲುಬ್ಧಕ ಸಿಗುತ್ತದೆ. ಪವಿತ್ರ ಕುರ್‌ಆನ್‌ನ ಅನ್ನಜ್ಮ್ ಅಧ್ಯಾಯದಲ್ಲಿ ಹೆಸರಿಸಲಾದ ಶಿಅರಾ ನಕ್ಷತ್ರ ಇದುವೇ. ಸಾವಿರ ವರ್ಷಗಳ ಹಿಂದೆ, 964ರ ಸುಮಾರಿಗೆ, ಅಬ್ದುರ್ರಹ್ಮಾನ್ ಅಸ್ಸೂಫೀ ಎಂಬ ವಿದ್ವಾಂಸರು ನಕ್ಷತ್ರಪುಂಜಗಳ ಚಿತ್ರಸಹಿತ ಗ್ರಂಥ ಬರೆದರು. ದೂರದರ್ಶಕವಿಲ್ಲದ ಆ ಕಾಲದಲ್ಲಿ ಅವರು ಗುರುತಿಸಿದ ಒಂದು 'ಪುಟ್ಟ ಮೋಡ'ವನ್ನು ಇಂದು ಆಂಡ್ರೊಮಿಡಾ ನಕ್ಷತ್ರಲೋಕ ಎನ್ನುತ್ತೇವೆ. ನವೆಂಬರ್, ಡಿಸೆಂಬರ್ ತಿಂಗಳ ಕತ್ತಲಲ್ಲಿ ಅದು ಬರಿಗಣ್ಣಿಗೆ ಇಂದಿಗೂ ಕಾಣುತ್ತದೆ.

ನಮ್ಮ ರೈತರ ಮಳೆ ನಕ್ಷತ್ರಗಳೂ ಇವೇ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರಾ. ಹಾಗಾದರೆ ರೋಹಿಣಿ ಮಳೆಯ ದಿನಗಳಲ್ಲಿ ರಾತ್ರಿ ರೋಹಿಣಿ ಕಾಣುತ್ತದೆಯೇ? ಇಲ್ಲ. ಮಳೆಗೆ ಆ ಹೆಸರು ಬಂದದ್ದು ಸೂರ್ಯ ಆಗ ರೋಹಿಣಿಯ ಬಳಿ ಇರುವುದರಿಂದ. ಜೂನ್ ಮೊದಲ ದಿನಗಳಲ್ಲಿ ರೋಹಿಣಿ ಸೂರ್ಯನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ. ಆರು ತಿಂಗಳ ಬಳಿಕ, ಡಿಸೆಂಬರಿನಲ್ಲಿ, ಅದು ಸಂಜೆಗೇ ಪೂರ್ವದಲ್ಲಿ ಏಳುತ್ತದೆ. ನಕ್ಷತ್ರಗಳು ದಿನಕ್ಕೆ 4 ನಿಮಿಷ, ತಿಂಗಳಿಗೆ 2 ಗಂಟೆ ಮುಂಚಿತವಾಗಿ ಏಳುತ್ತವೆ ಎಂಬ ಒಂದೇ ಸೂತ್ರ ಇದನ್ನೆಲ್ಲ ವಿವರಿಸುತ್ತದೆ.

ಗಲ್ಫಿನಲ್ಲಿ ದುಡಿಯುವವರಿರುವ ಮನೆಗಳಿಗೆ ಒಂದು ವಿಶೇಷ ಪ್ರಯೋಗ. ಕೋನಮಾಪಕದ ನಡುವಿನಿಂದ ದಾರ ಇಳಿಬಿಟ್ಟು ತುದಿಗೊಂದು ನಟ್ ಕಟ್ಟಿ. ಅದರ ಅಂಚಿನ ಗುಂಟ ಧ್ರುವ ನಕ್ಷತ್ರವನ್ನು ನೋಡಿ ದಾರ ತೋರಿಸುವ ಕೋನ ಓದಿ. ದಾರ 90ರಿಂದ ಎಷ್ಟು ಸರಿದಿದೆಯೋ ಅಷ್ಟೇ ಡಿಗ್ರಿ ನಕ್ಷತ್ರ ಮೇಲಿದೆ. ಉಡುಪಿಯಲ್ಲಿ ಅದು ಉತ್ತರ ದಿಗಂತದಿಂದ 13 ಡಿಗ್ರಿ, ಒಂದು ಮುಷ್ಟಿಗೆ ತುಸು ಹೆಚ್ಚು. ತೆಂಗಿನ ತೋಟದ ನಡುವೆ ಕಾಣದು, ಉತ್ತರ ತೆರೆದಿರುವ ಬಯಲೋ ಕಡಲ ದಂಡೆಯೋ ಬೇಕು. ಅದೇ ರಾತ್ರಿ ದುಬೈಯಲ್ಲಿರುವ ತಂದೆಯೋ ಅಣ್ಣನೋ ಅಳೆದರೆ 25 ಡಿಗ್ರಿ ಸಿಗುತ್ತದೆ. ಫೋನಿನಲ್ಲಿ ಎರಡು ಅಂಕಿ ಹೋಲಿಸಿ. ಭೂಮಿ ಚಪ್ಪಟೆಯಾಗಿದ್ದರೆ ಅಷ್ಟು ದೂರದ ನಕ್ಷತ್ರ ಎರಡೂ ಕಡೆ ಒಂದೇ ಎತ್ತರದಲ್ಲಿ ಇರಬೇಕಿತ್ತು. ವ್ಯತ್ಯಾಸ 12 ಡಿಗ್ರಿ, ಅಂದರೆ ಇಡೀ ವೃತ್ತದ ಮೂವತ್ತರಲ್ಲಿ ಒಂದು ಪಾಲು. ಉಡುಪಿಗಿಂತ ದುಬೈ ಉತ್ತರಕ್ಕೆ ಸುಮಾರು 1,320 ಕಿಲೋಮೀಟರ್. ಅದನ್ನು ಮೂವತ್ತರಿಂದ ಗುಣಿಸಿದರೆ ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಎಂದು ತಾಯಿ ಮಕ್ಕಳೇ ಮನೆಯಲ್ಲಿ ಕಂಡುಹಿಡಿದಂತಾಯಿತು. ಇದರ ಬದಲಾಗಿ ದಕ್ಷಿಣದಲ್ಲಿ ನಮಗೊಂದು ಲಾಭವಿದೆ. ಅರಬ್ ನಾವಿಕರ ಸುಹೈಲ್, ನಮ್ಮ ಅಗಸ್ತ್ಯ, ಫೆಬ್ರವರಿಯ ರಾತ್ರಿ ಒಂಬತ್ತರ ಸುಮಾರಿಗೆ ಇಲ್ಲಿ ದಕ್ಷಿಣದಲ್ಲಿ ಎರಡು ಮುಷ್ಟಿಗಿಂತ ಮೇಲೆ ಹೊಳೆಯುತ್ತದೆ. ಇಸ್ತಾಂಬುಲ್‌ನಿಂದ ಅದು ಕಾಣುವುದೇ ಇಲ್ಲ.

ಕೇಳಿದ್ದು ಮತ್ತು ಕಂಡದ್ದು

2003ರ ಆಗಸ್ಟ್ 27ರಂದು ಮಂಗಳ ಗ್ರಹ ಭೂಮಿಗೆ ಬಹಳ ಹತ್ತಿರ, ಸುಮಾರು 5.58 ಕೋಟಿ ಕಿಲೋಮೀಟರ್ ದೂರಕ್ಕೆ ಬಂದಿತ್ತು. ಆ ಬಳಿಕ ವರ್ಷ ವರ್ಷವೂ ಆಗಸ್ಟ್ ಬಂತೆಂದರೆ ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಸಂದೇಶ ಕೈಯಿಂದ ಕೈಗೆ ಹರಿದಾಡತೊಡಗಿತು. ಆ 2003ರಲ್ಲೂ ಮಂಗಳ ಕಂಡದ್ದು ಚಂದ್ರನ ಅಗಲದ ಎಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಚಿಕ್ಕದಾಗಿ, ಒಂದು ಕೆಂಪು ಚುಕ್ಕಿಯಾಗಿ. ಒಂದು ತಿಂಗಳು ಆಕಾಶ ನೋಡಿದವರು ಇಂಥ ಸಂದೇಶವನ್ನು ಮುಂದಕ್ಕೆ ಕಳಿಸಲಾರರು. ಕೇಳಿದ್ದನ್ನೆಲ್ಲ ಸಾರುವುದು ಎಷ್ಟು ದೊಡ್ಡ ದೋಷವೆಂದು ನಮಗೆ ಕಲಿಸಲಾಗಿದೆಯಲ್ಲವೇ?

ಗ್ರಹಣದ ವಿಷಯವೂ ಹಾಗೆಯೇ. ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ, 632ರಲ್ಲಿ, ಸೂರ್ಯಗ್ರಹಣವಾಯಿತು. ಆ ಸಾವಿನಿಂದಲೇ ಗ್ರಹಣವಾಯಿತೆಂದು ಜನರು ಆಡಿಕೊಂಡಾಗ, ಯಾರ ಹುಟ್ಟು ಸಾವಿಗೂ ಗ್ರಹಣಕ್ಕೂ ಸಂಬಂಧವಿಲ್ಲವೆಂದು ಆ ದುಃಖದ ನಡುವೆಯೂ ಪ್ರವಾದಿ(ಸ) ತಿದ್ದಿದರು. ಆದರೂ 2019ರ ಡಿಸೆಂಬರ್ 26ರ ಬೆಳಿಗ್ಗೆ ಎಷ್ಟೋ ಮನೆಗಳ ಬಾಗಿಲು ಮುಚ್ಚಿದ್ದವು. ಅಂದು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸೂರ್ಯ ಉಂಗುರವಾಗಿ ಕಂಡ, ಉಡುಪಿಯಲ್ಲಿ ತೆಳುವಾದ ಚಂದ್ರನಂತೆ ಉಳಿದ. ಗ್ರಹಣಕ್ಕೆಂದೇ ತಯಾರಿಸಿದ ಕನ್ನಡಕವಿಲ್ಲದೆ ಸೂರ್ಯನನ್ನು ನೋಡಲೇಬಾರದು. ಬೈನಾಕ್ಯುಲರನ್ನಂತೂ ಸೂರ್ಯನ ಕಡೆ ಎಂದೂ ತಿರುಗಿಸಬಾರದು. ಒಂದು ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಎಲೆಗಳ ಸಂದಿನಿಂದ ನೆಲಕ್ಕೆ ಬೀಳುವ ಬೆಳಕಿನ ಚುಕ್ಕಿಗಳನ್ನು ನೋಡಿದರೆ ಸಾಕು, ಪ್ರತಿಯೊಂದೂ ಗ್ರಹಣದ ಸೂರ್ಯನ ಆಕಾರದಲ್ಲೇ ಇರುತ್ತದೆ.

ಬರಿಗಣ್ಣಿನ ಪಾಠ ಆರು ತಿಂಗಳು ನಡೆದ ಮೇಲೆ ಮುಂದಿನ ಹೆಜ್ಜೆ ಇಡಬಹುದು. ಹಣ ಖರ್ಚು ಮಾಡುವುದಿದ್ದರೆ ಮೊದಲು ದೂರದರ್ಶಕ ಬೇಡ, ಒಂದು ಸಾಧಾರಣ ಬೈನಾಕ್ಯುಲರ್ ಕೊಳ್ಳಿ. ಚಂದ್ರನ ಗುಳಿಗಳು, ಕೈ ಅಲುಗದಂತೆ ಹಿಡಿದರೆ 1610ರಲ್ಲಿ ಗೆಲಿಲಿಯೊ ಕಂಡ ಗುರುವಿನ ಉಪಗ್ರಹಗಳು ಕಾಣುತ್ತವೆ. ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ ಆಕಾಶದ ನಕ್ಷೆಯನ್ನು ತೋರಿಸುತ್ತದೆ. ಆದರೆ ಮೊದಲು ಆಕಾಶ ನೋಡಿ ಬರೆಯಿರಿ, ಬಳಿಕ ನಕ್ಷೆ ನೋಡಿ ತಿದ್ದಿಕೊಳ್ಳಿ. ಉಡುಪಿಯಲ್ಲಿ ಪೂರ್ಣಪ್ರಜ್ಞ ಹವ್ಯಾಸಿ ಖಗೋಳ ವೀಕ್ಷಕರ ಸಂಘವಿದೆ. ಮಣಿಪಾಲದ ನ್ಯಾಚುರಲ್ ಸೈನ್ಸಸ್ ಕೇಂದ್ರದಲ್ಲಿ ಖಗೋಳ ಭೌತವಿಜ್ಞಾನದ ಸಂಶೋಧನೆ ನಡೆಯುತ್ತದೆ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ತಾರಾಲಯವಿದೆ. ಭಾರತದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಮೇಲಕ್ಕೇರಿದಾಗ ಅದರ ನಿರ್ಮಾಣದ ಹೊಣೆ ಹೊತ್ತಿದ್ದ ಯು. ಆರ್. ರಾವ್ ಹುಟ್ಟಿದ್ದು ಕಾಪುವಿಗೆ ದೂರವಲ್ಲದ ಅದಮಾರಿನಲ್ಲಿ, 1932ರಲ್ಲಿ. ಇದೇ ಆಕಾಶದ ಕೆಳಗೆ.

ತಾಯಂದಿರಲ್ಲಿ ಒಂದು ಮಾತು. ಗಂಡು ಮಕ್ಕಳು ಹೇಗೋ ದಂಡೆಗೆ ಹೋಗಿ ಚಂದ್ರನನ್ನು ನೋಡಿ ಬರುತ್ತಾರೆ. ಹೆಣ್ಣು ಮಕ್ಕಳಿಗೆ ಆ ಸುದ್ದಿ ಅಡುಗೆಮನೆಗೆ ಬಂದು ತಲುಪುತ್ತದೆ. ಹತ್ತನೇ ಶತಮಾನದ ಅಲೆಪ್ಪೊದಲ್ಲಿ ಅಲ್ ಇಜ್ಲಿಯ್ಯಾ ಎಂಬ ಮಹಿಳೆ ನಕ್ಷತ್ರಗಳ ಎತ್ತರ ಅಳೆಯುವ ಆಸ್ಟ್ರೊಲೇಬ್ ಉಪಕರಣವನ್ನು ತಯಾರಿಸುತ್ತಿದ್ದರೆಂದು ಇಬ್ನುನ್ನದೀಮ್ ದಾಖಲಿಸಿದ್ದಾರೆ. ನಿಮ್ಮ ಮಗಳಿಗೆ ಅಷ್ಟು ದೂರದ ದಾರಿಯೇನೂ ಇಲ್ಲ. ತಾರಸಿಯ ಮೆಟ್ಟಿಲು ಹತ್ತಿದರೆ ಸಾಕು. ಮಗ್ರಿಬ್ ಬಳಿಕ ಟಿವಿ ಹಾಕುವ ಮೊದಲು ಅವಳ ಕೈಗೊಂದು ನೋಟ್ ಪುಸ್ತಕ ಕೊಟ್ಟು, ಸಾಧ್ಯವಾದರೆ ನೀವೂ ಜೊತೆಗೆ ಹೋಗಿ. ಮೊದಲ ಪುಟದಲ್ಲಿ ಇಂದಿನ ದಿನಾಂಕ ಬರೆದು, ಚಂದ್ರ ಕಂಡರೆ ಅವನ ಚಿತ್ರ ಬಿಡಿಸಲಿ. ಕಾಣದಿದ್ದರೆ 'ಕಾಣಲಿಲ್ಲ' ಎಂದು ಬರೆಯಲಿ. ಅದೂ ಒಂದು ಸತ್ಯವಾದ ಸಾಕ್ಷ್ಯವೇ.